ಗಂಜಿ ಆಯಿ ಬಯಲಿನ ಫೈಲು

ಅರ್ಜಿ ನನ್ನ ಮೇಜಿಗೆ ಬಂದಾಗ ನಾನು ಅಧ್ಯಕ್ಷರ ಕೆಮ್ಮು ಕೆಮ್ಮುತ್ತಿದ್ದೆ. ನನಗೇನೂ ನೆಗಡಿ ಇರಲಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷರು ಯಾವ ಮಾತಿಗೂ ಮೊದಲು ಎರಡು ಸಣ್ಣ ಕೆಮ್ಮು, ಒಂದು ದೊಡ್ಡ ಕೆಮ್ಮು ಕೆಮ್ಮಿ, ಆಮೇಲೆ ‘ಹಂಗಾದ್ರ’ ಅನ್ನುತ್ತಾರೆ. ಅದನ್ನು ಹಿರಿಯ ಕಾರಕೂನರಿಗೆ ಮಾಡಿ ತೋರಿಸುತ್ತಿದ್ದೆ. ಅವರು ನಗು ತಡೆಯಲು ನಶ್ಯ ಏರಿಸಿದರು, ಸೀನಿದರು. ಆ ಸೀನನ್ನೂ ನಾನು ಬಿಸಿಬಿಸಿಯಾಗಿ ಅವರಿಗೇ ತಿರುಗಿಸಿ ಕೊಟ್ಟೆ.

‘ಮಗನ, ಒಂದ ದಿನ ನಿನ್ನ ಖಾಯಂ ಮಾಡೂ ಕಾಗದ ಬರತೈತಿ,’ ಎಂದರು ಅವರು ಮೂಗು ಒರೆಸಿಕೊಳ್ಳುತ್ತ. ‘ಅವತ್ತ ಥ್ಯಾಂಕ್ಸ್ ಯಾರ ಧ್ವನಿಯಾಗ ಹೇಳ್ತೀ?’

‘ಕಾಗದ ಬರಲಿ ತಡೀರಿ. ಅಧ್ಯಕ್ಷರದೂ ನಿಮ್ಮದೂ ಎರಡೂ ಧ್ವನಿಯಾಗ ಹೇಳ್ತೇನಿ.’

ನಾನು ಹಂಗಾಮಿ ಕಾರಕೂನ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗಿನಿಂದ ನಮ್ಮ ಕಡೆ ಬಹಳಷ್ಟು ಹಂಗಾಮಿಯಾಗಿಯೇ ಇದೆ: ಮೊಹರು, ಬೀದಿಯ ಹೆಸರು, ನಾನು. ಊರು ರಬಕವಿಯ ಮಗ್ಗುಲಲ್ಲಿರುವ ನೇಕಾರರ ಊರು. ಅದರ ಹೆಸರು ಹೇಳುವುದಿಲ್ಲ. ಈ ಪ್ರಸಂಗದಲ್ಲಿ ಹೆಸರಿನಿಂದ ಆದ ಉಪದ್ವ್ಯಾಪವೇ ಸಾಕು.

ಅರ್ಜಿ ಕೊಟ್ಟವರು ಸೀರೆ ವ್ಯಾಪಾರದ ಸಾಹುಕಾರರು, ಚಿಕ್ಕಂದಿನಲ್ಲಿ ತಾವೇ ಮಗ್ಗಕ್ಕೆ ಕೂತವರು. ಊರ ಪಶ್ಚಿಮಕ್ಕೆ ಒಂದು ದೊಡ್ಡ ಬಯಲಿದೆ. ಸಂಜೆ ಅಲ್ಲಿ ಹುತುತು, ಅಂದರೆ ಕಬಡ್ಡಿ, ಮತ್ತು ಖೋ-ಖೋ ನಡೆಯುತ್ತದೆ. ಜಮಖಂಡಿ, ಮುಧೋಳದ ತಂಡಗಳೂ ಬಂದು ಆಡಿ ಸೋತು ಹೋಗುತ್ತವೆ. (ಗೆದ್ದು ಹೋದದ್ದೂ ಉಂಟು, ಆದರೆ ಬರೆಯುತ್ತಿರುವವನು ನಾನು.) ಸಾಹುಕಾರರು ತಮ್ಮ ಖರ್ಚಿನಲ್ಲಿ ಆ ಬಯಲಿಗೆ ಕೂಡ್ರಲು ಕಲ್ಲಿನ ಮೆಟ್ಟಿಲು, ಮುಂದೆ ಒಂದು ಕಮಾನು ಕಟ್ಟಿಸಿಕೊಡುತ್ತಾರೆ. ಪ್ರತಿಯಾಗಿ ಬಯಲಿಗೆ ಅವರ ಪೇಢಿಯ, ಅಂದರೆ ಸೀರೆ ಅಂಗಡಿಯ, ಹೆಸರಿಟ್ಟು, ಮುಂದೆ ‘ಕ್ರೀಡಾಂಗಣ’ ಎಂದು ಸೇರಿಸಬೇಕು. ಕಮಾನಿನ ಮೇಲೆ ಅಕ್ಷರ ಕೆತ್ತಿಸಬೇಕು. ಪಂದ್ಯದ ಹಸ್ತಪತ್ರಿಕೆಯಲ್ಲಿ, ಡಂಗುರದಲ್ಲಿ ಅದೇ ಹೆಸರು ಬಳಸಬೇಕು.

ಕಲ್ಲಿನ ಮೇಲೆ ಹೆಸರು ಯಾಕೆ ಬೇಕೆಂದು ನಾನು ಅವರನ್ನು ಕೇಳಿಯೇಬಿಟ್ಟೆ. ಸಾಹುಕಾರರ ನಗು ಬಂಡಿಯ ಮೇಲಿಂದ ನೂಲಿನ ಗಂಟು ಉರುಳಿದ ಹಾಗೆ, ಧಬಧಬ.

‘ನಮ್ಮ ಸೀರಿ ಸೊಲ್ಲಾಪುರ, ಪುಣೆ ತನಕಾ ಹೋಗತಾವಲೇ. ಸೆರಗಿನ ತುದೀಗೆ ನಮ್ಮ ಛಾಪಾ ಹೊಡೀತೇವಿ. ಹೆಣ್ಮಗಳು ಸೀರಿ ಉಡೂಕಿಂತ ಮೊದಲ ಏನ ಮಾಡತಾಳ ಹೇಳು?’

‘ನೀರಾಗ ಹಾಕ್ತಾಳ್ರಿ.’

‘ಹಾಂ. ಮೊದಲ ನೀರಿಗೇ ನಾ ಹೋದೆ! ನಲವತ್ತ ವರ್ಷ ಹಿಂಗ ಹೊಂಟೇನಿ ನೋಡು, ಬಚ್ಚಲಾಗ.’ ಧಬಧಬ ನಕ್ಕರು. ಆ ನಗು ಮುಗಿಯುವ ಹೊತ್ತಿಗೆ ಅವರ ಕಣ್ಣು ನಗುತ್ತಿರಲಿಲ್ಲ. ನನಗೆ ಅವರ ಮೇಲೆ ಅವತ್ತೇ ಒಂಥರಾ ಕಕ್ಕುಲಾತಿ ಹುಟ್ಟಿತು. ಮರುದಿನ ಆ ನಗುವನ್ನು ಆಫೀಸಿನಲ್ಲಿ ಮಾಡಿ ತೋರಿಸಿದೆ, ಕಣ್ಣನ್ನು ಬಿಟ್ಟುಬಿಟ್ಟೆ.

ಹೆಸರಿಡುವುದೆಂದರೆ ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಊದುವುದಲ್ಲ. ಮೊದಲು ಸುತ್ತಲಿನ ಊರುಗಳಲ್ಲಿ ಆಟದ ಬಯಲುಗಳಿಗೆ ಹೆಸರು ಹೇಗೆ ಬಂದಿದೆ ಎಂಬ ಟಿಪ್ಪಣಿ ಬೇಕು. ಆಮೇಲೆ ಸ್ಥಳ ನೋಡಿ ಒಂದು ತಖ್ತೆ ತುಂಬಬೇಕು: ವಿಸ್ತಾರ, ಚತುಸ್ಸೀಮೆ, ಈಗಿನ ಹೆಸರು, ಈಗಿನ ಬಳಕೆ, ಹೊಸ ಹೆಸರು. ಆಮೇಲೆ ತಕರಾರು ಕರೆದು ನೋಟೀಸು, ಡಂಗುರ, ಸಭೆಯ ಠರಾವು. ಕೊನೆಗೆ ಎಲ್ಲವೂ ಜಮಖಂಡಿಯ ಪ್ರಾಂತ ಸಾಹೇಬರ ಮಂಜೂರಿಗೆ ಹೋಗಬೇಕು. ಈ ಫೈಲು ಸರಿಯಾಗಿ ದಡ ಮುಟ್ಟಿದರೆ ನಿನ್ನ ಖಾಯಂ ಕಾಗದಕ್ಕೂ ಅಧ್ಯಕ್ಷರು ಸಹಿ ಮಾಡುತ್ತಾರೆ ಎಂದು ಹಿರಿಯ ಕಾರಕೂನರು ಆಸೆ ತೋರಿಸಿದರು.

ಟಿಪ್ಪಣಿಗಾಗಿ ಬಸ್ಸು ಹತ್ತಿ ತಿರುಗಿದೆ. ಜಮಖಂಡಿಯಲ್ಲಿ ಒಂದು ಮೈದಾನದ ಹೆಸರು ಕೇಳಿದರೆ ಮೂವರು ಮೂರು ರಾಜರ ಹೆಸರು ಹೇಳಿದರು. ಯಾರ ಪಟ್ಟದ ಕಾಲದಲ್ಲಿ ಯಾರು ಹುಟ್ಟಿದ್ದರೋ ಅವರಿಗೆ ಆ ಹೆಸರು. ಮುಧೋಳದಲ್ಲಿ ಒಂದು ಕುಸ್ತಿ ಕಣಕ್ಕೆ ಅಲ್ಲಿ ಎಲ್ಲರಿಂದಲೂ ಚಿತ್ ಆಗುತ್ತಿದ್ದ ಒಬ್ಬ ಪೈಲವಾನನ ಹೆಸರು. ‘ಗೆದ್ದಾವ್ರು ಬಾಳ ಮಂದಿ, ಯಾರದಂತ ಇಡೂದು? ಸೋತಾಂವ ಒಬ್ಬನ ಇದ್ದ,’ ಎಂದು ಒಬ್ಬ ಮುದುಕರು ತಿಳಿಸಿ ಹೇಳಿದರು. ಬೀಳಗಿಯಲ್ಲಿ ಒಂದು ಬಯಲನ್ನು ‘ಬೇವಿನಗಿಡದ ಬಯಲು’ ಅನ್ನುತ್ತಾರೆ, ಗಿಡ ಇಲ್ಲ. ಎಲ್ಲಿ ಎಂದರೆ, ‘ಅದ ಬಿದ್ದ ಮ್ಯಾಲ ಹೆಸರ ಬಂತ್ರಿ, ಇದ್ದಾಗ ಯಾರ ನೋಡತಿದ್ರು?’ ಎಂದರು. ಹಣ ಕೊಟ್ಟು ಹೆಸರು ಪಡೆದ ಬಯಲು ಎಲ್ಲೂ ಸಿಗಲಿಲ್ಲ. ‘ಪೂರ್ವೋದಾಹರಣೆ ಇಲ್ಲ, ಅಡ್ಡಿಯೂ ಇಲ್ಲ’ ಎಂದು ಬರೆದೆ. ಆ ವಾಕ್ಯ ನನಗೆ ಬಹಳ ಸೇರಿತು. ಬಸ್ಸಿನಲ್ಲಿ ಅದನ್ನು ಕಂಡಕ್ಟರನ ಧ್ವನಿಯಲ್ಲಿ ನಾಲ್ಕು ಸಲ ಹೇಳಿಕೊಂಡೆ.

ಇನ್ನು ಸ್ಥಳ ತನಿಖೆ. ಶ್ರಾವಣ ಮಾಸ, ಜಿನುಗು ಮಳೆ. ನಾನು ಮುಂಜಾನೆ ಏಳುವವನಲ್ಲ. ಸಂಜೆ ಐದಕ್ಕೆ ಹೋದೆ. ಹುಡುಗರು ಕೆಸರಲ್ಲಿ ಹುತುತು ಆಡುತ್ತಿದ್ದರು. ಅಳತೆ ಹಿಡಿದೆ, ಚತುಸ್ಸೀಮೆ ಬರೆದೆ. ‘ಈಗಿನ ಬಳಕೆ’ಯ ಎದುರಿಗೆ ‘ಸಂಜೆ ಹುತುತು, ಖೋ-ಖೋ’ ಎಂದು ಬರೆದೆ. ‘ಈಗಿನ ಹೆಸರು’ ಅನ್ನುವಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಊರೆಲ್ಲ ಅದನ್ನು ಗಂಜಿ ಆಯಿ ಬಯಲು ಅನ್ನುತ್ತದೆ. ನಾನೂ ಅನ್ನುತ್ತೇನೆ. ಆದರೆ ಸರಕಾರದ ತಖ್ತೆಯಲ್ಲಿ ಗಂಜಿಯೇ? ಆಯಿಯೇ? ‘ಇಲ್ಲ’ ಎಂದು ಬರೆದು ಒಣಗಲು ಊದಿದೆ.

ಈಗ ಆಯಿಯ ವಿಷಯ ಹೇಳಬೇಕು. ಆಯಿ ಅಂದರೆ ನಮ್ಮ ಕಡೆ ಅಜ್ಜಿ.

ನೇಯುವುದಕ್ಕೆ ಮೊದಲು ಹಾಸಿನ ಎಳೆಗಳಿಗೆ, ಅಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲಿಗೆ, ಗಂಜಿ ಹಚ್ಚಬೇಕು. ಇಲ್ಲದಿದ್ದರೆ ಲಾಳಿಯ ಪೆಟ್ಟಿಗೆ ಎಳೆ ಪುಕ್ಕ ಎದ್ದು ಹರಿಯುತ್ತದೆ. ಒಂದೊಂದು ಹಾಸು ಒಂದು ಓಣಿಯಷ್ಟು ಉದ್ದ, ಮನೆಯಲ್ಲಿ ಹಿಡಿಸುವುದಿಲ್ಲ. ಬಯಲಲ್ಲಿ ಗೂಟ ನೆಟ್ಟು ಬಿಗಿದು, ಜೋಳದ ಹಿಟ್ಟಿನ ಗಂಜಿಗೆ ಒಂದು ಮಿಳ್ಳೆ ಶೇಂಗಾ ಎಣ್ಣೆ ಹಾಕಿ, ಎರಡೂ ಕಡೆ ಇಬ್ಬರು ನಿಂತು ನಾರಿನ ಕುಂಚದಿಂದ ಒಂದೇ ದಿಕ್ಕಿಗೆ ತೀಡುತ್ತ ನಡೆಯಬೇಕು. ಬಿಸಿಲು ಮಿದುವಾಗಿದ್ದಾಗ ಆಗುವ ಕೆಲಸ, ಅದಕ್ಕೇ ಮುಂಜಾನೆ. ಲಗ್ನಸರಾಯಿಯಲ್ಲಿ, ಅಂದರೆ ಮದುವೆಗಳ ಕಾಲದಲ್ಲಿ, ಕೆಲಸ ಏರಿದರೆ ಇಳಿಹೊತ್ತಿನಲ್ಲೂ ಒಂದು ಸರತಿ. ಹಸಿಯಾಗಿ ಸುತ್ತಿದರೆ ಎಳೆಗೆ ಎಳೆ ಅಂಟಿ ಹಾಸೇ ಹಾಳು. ಅತಿಯಾಗಿ ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ. ನಡುವಿನ ಆ ಒಂದು ಗಳಿಗೆಯನ್ನು ಹಿಡಿಯುವವಳು ಗಂಜಿ ಆಯಿ. ಬಯಲಿನ ಮೂಲೆಯಲ್ಲಿ ಮೂರು ಕಲ್ಲಿಟ್ಟು ಎಲ್ಲರ ಗಂಜಿಯನ್ನೂ ಅವಳೇ ಕಾಯಿಸುತ್ತಾಳೆ. ಹದ ನೋಡಲು ಹಾಸಿನ ಬಳಿ ಬಾಗಿ ಎಳೆಗೆ ಗಲ್ಲ ಹಚ್ಚುತ್ತಾಳೆ. ಮಲಗಿದ ಕೂಸಿನ ಮೈ ಬಿಸಿ ನೋಡುವವರ ಹಾಗೆ, ಕಣ್ಣು ಮುಚ್ಚಿ. ಆಮೇಲೆ ‘ಎತ್ರಿ’ ಅನ್ನುತ್ತಾಳೆ. ಎತ್ತುತ್ತಾರೆ. ಲಗ್ನಸರಾಯಿಯ ಸಂಜೆ ಆಟಗಾರರು ಸಾಲಾಗಿ ನಿಂತು ಕಾಯುತ್ತಾರೆ. ಕೊನೆಯ ಹಾಸಿಗೆ ಅವಳು ‘ಎತ್ರಿ’ ಎಂದಮೇಲೆಯೇ ಆಟ. ಆ ಬಯಲಿಗೆ ಸೀಟಿ ಅವಳು.

ಇದೆಲ್ಲ ನನಗೆ ಗೊತ್ತಿಲ್ಲವೆಂದಲ್ಲ. ನಮ್ಮ ಮನೆಯ ಹಾಸೂ ಅಲ್ಲೇ ಒಣಗಿದ್ದು. ಗೊತ್ತಿದ್ದದ್ದು ಹೆಚ್ಚಾದದ್ದೇ ತಪ್ಪಾಯಿತು. ಮುಂಜಾನೆ ಬಯಲಲ್ಲಿ ಹಾಸು ಇರುತ್ತದೆ ಎಂದು ಬರೆಯುವುದೆಂದರೆ ಮುಂಜಾನೆ ಸೂರ್ಯ ಹುಟ್ಟುತ್ತಾನೆ ಎಂದು ಬರೆದಂತೆ. ನೇಕಾರನ ಮಗನಿಗೆ ಅದು ‘ಬಳಕೆ’ ಎಂದೇ ಹೊಳೆಯಲಿಲ್ಲ. ತಖ್ತೆಯನ್ನು ಹಿರಿಯ ಕಾರಕೂನರು ನೋಡಿದರು, ಅಧ್ಯಕ್ಷರು ನೋಡಿದರು. ಅವರೂ ನೇಕಾರರೇ. ಯಾರಿಗೂ ಏನೂ ಬಿಟ್ಟುಹೋದಂತೆ ಕಾಣಲಿಲ್ಲ.

ನೋಟೀಸು ಅಂಟಿಸಿದೆವು, ಡಂಗುರ ಹೊಡೆಸಿದೆವು. ಒಂದೂ ತಕರಾರು ಬರಲಿಲ್ಲ. ಗಂಜಿ ಆಯಿ ಡಂಗುರ ಕೇಳಿ, ‘ಕಟ್ಟಲಿ ಬಿಡು, ಕಮಾನಿನ ನೆರಳಿಗೆ ಹಿಟ್ಟ ಇಡಾಕ ಬರತೈತಿ,’ ಅಂದಳಂತೆ. ಸಾಹುಕಾರರು ಮಂಜೂರಿಗೂ ಕಾಯಲಿಲ್ಲ; ಬೀಳಗಿ ಕಡೆಯ ಕಲ್ಲುಕುಟಿಗರು ಬಂದು ಮೆಟ್ಟಿಲು ಕೂಡಿಸಿ, ಕಮಾನಿನ ಅಕ್ಷರ ಕೆತ್ತಲು ಶುರು ಮಾಡಿದರು.

ದೀಪಾವಳಿ ಮುಗಿದ ಮೇಲೆ ಜಮಖಂಡಿಯಿಂದ ಮಂಜೂರಿ ಬಂತು. ಹಿರಿಯ ಕಾರಕೂನರು ಜೋರಾಗಿ ಓದತೊಡಗಿದರು. ನಾನು ಅವರ ಹಿಂದೆ ನಿಂತು ತುಟಿ ಆಡಿಸುತ್ತಿದ್ದೆ. ಪೇಢಿಯ ಹೆಸರಿಗೆ ಒಪ್ಪಿಗೆ. ಕಮಾನಿಗೆ ಒಪ್ಪಿಗೆ. ಆಮೇಲೆ ಶರತ್ತುಗಳು: ‘ಸದರಿ ಜಾಗವು ಸಂಜೆಯ ಆಟಗಳ ಹೊರತು ಬೇರೆ ಬಳಕೆಯಲ್ಲಿಲ್ಲವೆಂದು ವರದಿಯಿಂದ ಕಂಡುಬರುವುದರಿಂದ, ಸುತ್ತಲೂ ತಂತಿಬೇಲಿ ಹಾಕಿ, ಬಾಗಿಲಿಗೆ ಕೀಲಿ ಇರಿಸಿ, ಸಂಜೆ ನಾಲ್ಕರಿಂದ ಏಳರವರೆಗೆ ಮಾತ್ರ ತೆರೆಯತಕ್ಕದ್ದು. ಗೂಟ ನೆಡುವುದು, ಒಲೆ ಹೂಡುವುದು ಸಕ್ತ ನಿಷಿದ್ಧ.’

ಹಿರಿಯ ಕಾರಕೂನರು ಓದುವುದನ್ನು ನಿಲ್ಲಿಸಿದರು. ನನ್ನ ತುಟಿಯೂ ನಿಂತಿತು.

‘ವರದಿ ಯಾರ ಬರದಿದ್ದು?’ ಎಂದರು. ಗೊತ್ತಿದ್ದೂ ಕೇಳಿದರು.

‘ನಾನ ರಿ.’

‘ಹಾಸಿನ ಮಾತ ಬರದಿಲ್ಲ?’

‘ಅದನ್ನೇನ ಬರೀತಾರ್ರಿ, ಅದು ಇದ್ದದ್ದ ಅಲ್ಲೇನ್ರಿ?’ ಅಂದೆ. ಅನ್ನುವಾಗಲೇ ಏನಾಗಿದೆ ಎಂದು ತಿಳಿಯಿತು. ನಮ್ಮ ಊರಲ್ಲಿ ಅಷ್ಟು ಉದ್ದದ ಬಯಲು ಇನ್ನೊಂದಿಲ್ಲ. ಆ ಬಾಗಿಲು ಮುಂಜಾನೆ ಮುಚ್ಚಿದರೆ ಮುನ್ನೂರು ಮನೆಯ ಮಗ್ಗ ಮುಚ್ಚಿದಂತೆ. ಅದನ್ನು ಮುಚ್ಚಿದವನು ಸಾಹೇಬನಲ್ಲ, ನಾನು; ಐದು ಶಬ್ದದಲ್ಲಿ ಹೇಳಬಹುದಾದದ್ದನ್ನು ಹೇಳದೆ.

ಅಧ್ಯಕ್ಷರ ಕಡೆ ಓಡಿದೆ. ಅವರು ಎರಡು ಸಣ್ಣ, ಒಂದು ದೊಡ್ಡ ಕೆಮ್ಮಿ, ‘ಹಂಗಾದ್ರ, ಹೆದರೂದ್ಯಾಕ?’ ಎಂದರು. ‘ಕೀಲಿ ನಮ್ಮ ಕೈಯಾಗ ಇರತೈತಿ. ಮುಂಜಾನಿ ಸುಮ್ಮನ ತಗದ ಬಿಡೂನು. ಜಮಖಂಡಿ ಸಾಹೇಬ ನಸಿಕಿನ್ಯಾಗ ಎದ್ದ ಬಂದ ನೋಡತಾನೇನು?’

ಸಾಹುಕಾರರು ಮೊದಲು ನಂಬಲೇ ಇಲ್ಲ. ‘ಹಾಸು ಅಲ್ಲಿ ಬಿಟ್ಟ ಎಲ್ಲಿ ಹಾಕತಾರಲೇ? ನನ್ನ ಸೀರಿ ಹಾಸೂ ಅಲ್ಲೇ ಅದಾವು!’ ಎಂದರು. ಆದರೆ ಫೈಲನ್ನು ತಿರುಗಿ ಕಳಿಸುವ ಮಾತೆತ್ತಿದಾಗ ಅವರ ಮುಖ ಸಣ್ಣದಾಯಿತು. ಕಮಾನಿನ ಅಕ್ಷರ ಅರ್ಧ ಕೆತ್ತಿ ಮುಗಿದಿತ್ತು. ‘ಈಗ ತಪ್ಪ ಆಗೇತಿ ಅಂದ್ರ ಮಂಜೂರೀನ ರದ್ದ ಮಾಡತಾರ. ಹೊಸಾ ಸಾಹೇಬ ಬರತಾನ, ಹೊಸಾ ಅರ್ಜಿ. ನನಗ ಅರವತ್ತ ಆದುವಲೇ. ಅಧ್ಯಕ್ಷರು ಅಂದಂಗ ಕೀಲಿ ತಗದ ಬಿಡೂನು, ಆತಲ್ಲ?’

ಆತು ಅನ್ನಿಸಿತು ನನಗೂ. ಖರೆ ಹೇಳುತ್ತೇನೆ, ಹಗುರಾಯಿತು. ನನ್ನ ತಪ್ಪಿಗೆ ಊರ ದೊಡ್ಡವರೆಲ್ಲ ಸೇರಿ ಚಾದರ ಹೊದಿಸುತ್ತಿದ್ದಾರೆ, ಖಾಯಂ ಕಾಗದವೂ ಅದರ ಕೆಳಗೆ ಬೆಚ್ಚಗಿರುತ್ತದೆ. ಆದರೂ ಮರುದಿನ ಮುಂಜಾನೆ ಯಾಕೋ ನಾನಾಗಿಯೇ ಎದ್ದೆ. ಬಯಲಿಗೆ ಹೋದೆ. ನನ್ನ ವರದಿಯಲ್ಲಿ ಇಲ್ಲದ ಬಯಲು ಅಲ್ಲಿತ್ತು. ಹಸಿರು, ಕೆಂಪು, ದಟ್ಟ ನೀಲಿ ಹಾಸುಗಳು ಈ ತುದಿಯಿಂದ ಆ ತುದಿಗೆ. ಅವುಗಳ ನಡುವೆ ಜೋಡಿ ಜೋಡಿಯಾಗಿ ನಡೆಯುವ ಗಂಡ-ಹೆಂಡತಿಯರು, ಅಣ್ಣ-ತಮ್ಮಂದಿರು. ಗಂಜಿಯ ಹುಳಿ ವಾಸನೆ. ಆಯಿ ಒಂದು ಹಾಸಿಗೆ ಗಲ್ಲ ಹಚ್ಚಿದ್ದಳು.

‘ಏನೋ ಮಂಗ್ಯಾ, ಸೂರ್ಯಾ ಪಶ್ಚಿಮಕ್ಕ ಹುಟ್ಯಾನೇನ?’ ಎಂದಳು ಕಣ್ಣು ತೆರೆಯದೆ. ನನ್ನ ಚಪ್ಪಲಿಯ ಸಪ್ಪಳ ಅವಳಿಗೆ ಗೊತ್ತು.

ಎಲ್ಲ ಹೇಳಿದೆ. ತಖ್ತೆ, ಬೇಲಿ, ಕೀಲಿ. ಅಧ್ಯಕ್ಷರ ಉಪಾಯವನ್ನು ಅವರದೇ ಕೆಮ್ಮಿನೊಂದಿಗೆ ಹೇಳಿದೆ. ಆಯಿ ನಕ್ಕಳು. ಅವಳು ನಕ್ಕರೆ ನನಗೆ ಖಾಯಂ ಆದಷ್ಟು ಸಮಾಧಾನ. ಆಮೇಲೆ ಗಂಜಿ ತಿರುಗಿಸುತ್ತ ಕೇಳಿದಳು.

‘ಕೀಲಿ ಯಾರ ಕೈಯಾಗ ಇರತೈತಿ?’

‘ಅಧ್ಯಕ್ಷರ ಕೈಯಾಗ.’

‘ಅವರು ಹೋದ್ರ?’

‘ಮುಂದಿನ ಅಧ್ಯಕ್ಷರ ಕೈಯಾಗ.’

‘ಅಂವಾ ನೇಕಾರ ಇರಲಿಕ್ರ?’

ನಾನು ಒಲೆಗೆ ಒಂದು ಕಟ್ಟಿಗೆ ಸರಿಸಿದೆ.

‘ನಮ್ಮ ಹಾಸ ಹಾಕಾಕ ಇಷ್ಟ ದಿನಾ ಯಾರನ್ನೂ ಕೇಳಿದ್ದಿಲ್ಲಪಾ,’ ಎಂದಳು ಅವಳು. ‘ಇನ್ನ ದಿನಾ ಮುಂಜಾನಿ ಒಬ್ಬರ ಮಾರಿ ನೋಡಬೇಕು. ಅಷ್ಟ ನೋಡು.’ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅಣಕಿಸಿ ಬದುಕಿಬಿಡುತ್ತಿದ್ದೆ. ಒಂದು ಬೆರಳು ಗಂಜಿ ತೆಗೆದು ನನ್ನ ಬಾಯಿಗೆ ಇಟ್ಟಳು. ‘ಉಪ್ಪ ಇಲ್ಲ, ಆದ್ರ ಬೆಚ್ಚಗೈತಿ. ಹೋಗು, ಆಫೀಸಿಗೆ ತಡಾ ಆಗತೈತಿ.’

ನಮ್ಮೂರಲ್ಲಿ ಫೋನು ಇದ್ದದ್ದು ಸಾಹುಕಾರರ ಪೇಢಿಯಲ್ಲಿ. ಪುರಸಭೆಯ ಕೆಲಸಕ್ಕೂ ಅದನ್ನೇ ಬಳಸುತ್ತಿದ್ದೆವು. ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋದಾಗ ನಾನು ಅದರ ಎದುರಿಗೆ ಕೂತೆ. ನನ್ನ ಲೆಕ್ಕಾಚಾರ ಹೀಗಿತ್ತು: ಪ್ರಾಂತ ಸಾಹೇಬರಿಗೆ ಅಧ್ಯಕ್ಷರ ಧ್ವನಿಯಲ್ಲಿ ಫೋನು ಮಾಡುವುದು. ಎರಡು ಸಣ್ಣ, ಒಂದು ದೊಡ್ಡ. ‘ಹಂಗಾದ್ರ ಸಾಹೇಬ್ರ, ಬೇಲಿ ಹಾಕೂ ಮೊದಲ ತಾವು ಒಮ್ಮೆ ಮುಂಜಾನಿ ಬಂದ ನೋಡಿದ್ರ ಛಲೋ ಆಕ್ಕೈತಿ.’ ಸಾಹೇಬರು ಬರುತ್ತಾರೆ, ಕಣ್ಣಾರೆ ನೋಡುತ್ತಾರೆ, ತಾವೇ ತಿದ್ದುತ್ತಾರೆ. ತಪ್ಪು ಯಾರದೆಂಬ ಮಾತೇ ಏಳುವುದಿಲ್ಲ. ಮೂರು ಸಲ ಕೆಮ್ಮಿ ಹದ ಮಾಡಿಕೊಂಡೆ. ಅಧ್ಯಕ್ಷರಿಗಿಂತ ನಾನೇ ಹೆಚ್ಚು ಅಧ್ಯಕ್ಷನಾದೆ.

ಲೈನು ಸಿಕ್ಕಿತು. ಎರಡು ಸಣ್ಣ ಕೆಮ್ಮು ಕೆಮ್ಮಿದೆ.

‘ಹಾಂ, ಕೋಣ ಬೋಲತೋಯ್? ಯಾರು?’ ಎಂದರು ಸಾಹೇಬರು. ಅವರ ಮಾತೃಭಾಷೆ ಮರಾಠಿ. ಕನ್ನಡವನ್ನು ಬಿಸಿ ಹಾಲಿನಂತೆ ಮೆಲ್ಲಗೆ ಗುಟುಕರಿಸುತ್ತಾರೆ.

ದೊಡ್ಡ ಕೆಮ್ಮು ಬರಲಿಲ್ಲ. ಬಾಯಲ್ಲಿ ಇನ್ನೂ ಗಂಜಿಯ ಸಪ್ಪೆ ರುಚಿ ಇತ್ತು. ಈ ತಖ್ತೆಯಲ್ಲಿ ಒಮ್ಮೆ ಹುಸಿ ಬರೆದಿದ್ದೇನೆ; ಈಗ ಹುಸಿ ಬಾಯಿಂದ ಅದನ್ನು ತಿದ್ದಲು ಹೊರಟಿದ್ದೇನೆ. ನಾಳೆ ಅಧ್ಯಕ್ಷರು ‘ನಾ ಫೋನ ಮಾಡೇ ಇಲ್ಲ’ ಅಂದರೆ ಹಾಸಿನ ಮಾತೂ ಸುಳ್ಳೆಂದೇ ಆಗುತ್ತದೆ.

‘ಹಂಗಾಮಿ ಕಾರಕೂನ ರಿ, ಸಾಹೇಬ್ರ,’ ಎಂದೆ. ಬಂದದ್ದು ನನ್ನ ಸ್ವಂತ ಧ್ವನಿ. ಬಹಳ ದಿನಗಳಿಂದ ಬಳಸದ್ದರಿಂದ ಎಣ್ಣೆ ಕಾಣದ ಲಾಳಿಯಂತೆ ಕಿರುಗುಟ್ಟಿತು. ‘ಬಯಲಿನ ವರದಿ ಬರದಾಂವ ನಾನು. ವರದಿ ತಪ್ಪೈತ್ರಿ. ನಾ ಸಂಜಿ ಮುಂದ ಅಷ್ಟ ನೋಡಿ ಬರದೆ. ಮುಂಜಾನಿ ಅಲ್ಲೆ ಇಡೀ ಊರಿನ ಹಾಸ ಇರತಾವ್ರಿ. ಹೆಸರೂ ಐತ್ರಿ ಬಯಲಿಗೆ. ಇಲ್ಲಂತ ನಾನ ಬರದೆ.’

ಆ ಕಡೆ ಕಾಗದ ತಿರುವಿದ ಸಪ್ಪಳ. ಆಮೇಲೆ, ‘ಅಧ್ಯಕ್ಷರಿಗೆ ಗೊತ್ತು ಇದೆ?’

‘ಫೋನ ಮಾಡಿದ್ದ ಗೊತ್ತಿಲ್ಲರಿ.’

‘ಕೆಮ್ಮಿದ್ದು ಯಾರು?’

‘ಅದೂ ನಾನ ರಿ.’

‘ಗುರುವಾರ ಬರುತ್ತೇನೆ. ಬೆಳಿಗ್ಗೆ,’ ಎಂದು ಇಟ್ಟುಬಿಟ್ಟರು.

ತಿರುಗಿ ನೋಡಿದರೆ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಊಟದ ಕೈ ಇನ್ನೂ ಒದ್ದೆ. ಎಷ್ಟು ಕೇಳಿಸಿಕೊಂಡಿದ್ದರೋ. ‘ನನ್ನ ಕಮಾನ ಕೆಡವಿದೇನಲೇ?’ ಎಂದರು ಸಣ್ಣ ದನಿಯಲ್ಲಿ. ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗೆ ಹೋದರು. ಅವತ್ತು ಪೇಢಿಯಲ್ಲಿ ಧಬಧಬ ನಗು ಕೇಳಲಿಲ್ಲ.

ಗುರುವಾರ ಸಾಹೇಬರ ಜೀಪು ಬಂದಾಗ ಬಿಸಿಲು ಆಗಷ್ಟೇ ಹಳದಿಯಾಗುತ್ತಿತ್ತು. ಅಧ್ಯಕ್ಷರು ನನ್ನ ಕಡೆ ನೋಡದೆ ಕೆಮ್ಮುತ್ತಿದ್ದರು, ಖರೆ ಕೆಮ್ಮು. ಸಾಹೇಬರು ಜೀಪಿನಿಂದ ಇಳಿದು ಅಲ್ಲೇ ನಿಂತುಬಿಟ್ಟರು. ಬಯಲ ತುಂಬ ಬಣ್ಣ. ಆಮೇಲೆ ಒಂದು ಹಾಸಿನಿಂದ ಇನ್ನೊಂದಕ್ಕೆ ಮೆಲ್ಲಗೆ ನಡೆದರು. ಬೂಟು ಎಲ್ಲಿ ಇಡಬೇಕೆಂದು ತಿಳಿಯದೆ ತುದಿಗಾಲಲ್ಲಿ ನಡೆದರು. ಗಲ್ಲ ಹಚ್ಚಿ ನಿಂತ ಆಯಿಯ ಬಳಿ ಬಂದು, ‘ಇದು ಏನು ಮಾಡುತ್ತೀರಿ?’ ಎಂದರು.

‘ಆರೇತೇನು ನೋಡತೇನ್ರಿ.’

‘ಕೈಯಿಂದ ಯಾಕೆ ನೋಡುವುದಿಲ್ಲ?’

‘ಕೈಗೆ ಜಡ್ಡ ಬಿದ್ದಾವ್ರಿ ಎಪ್ಪಾ. ಕೈ ಸುಳ್ಳ ಹೇಳತಾವು. ಗಲ್ಲ ಹೇಳೂದಿಲ್ಲ. ಬರ್ರಿ, ನೋಡ್ರಿ ನೀವೂ.’

ಸಾಹೇಬರು ಸುತ್ತ ನೋಡಿದರು. ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟರು. ಬಾಗಿದರು. ಅಷ್ಟು ದೊಡ್ಡ ಮನುಷ್ಯ ಹಸಿರು ಹಾಸಿಗೆ ಗಲ್ಲ ಹಚ್ಚಿ ಕಣ್ಣು ಮುಚ್ಚಿಕೊಂಡರು. ಕುಂಚ ಹಿಡಿದವರೆಲ್ಲ ನಿಂತು ನೋಡಿದರು.

‘ತಣ್ಣಗೆ ಇದೆ,’ ಎಂದರು.

‘ಹಂಗಾರ ಇನ್ನೂ ಹಸಿ ಐತ್ರಿ. ತಣ್ಣಗ ಅಲ್ಲ, ಬೆಚ್ಚಗ ಅಲ್ಲ, ಏನೂ ಅನಸಬಾರದು. ಹಂಗ ಆದಾಗ ಎತ್ತೂದು.’

ಸಾಹೇಬರು ನೆಟ್ಟಗಾದಾಗ ಗಲ್ಲದ ಮೇಲೆ ಗಂಜಿಯ ಗೆರೆಗಳಿದ್ದವು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿಯೇ ಸೆರಗಿನಿಂದ ಒರೆಸಿದಳು. ಸಾಹೇಬರು ಗಲ್ಲ ಒಡ್ಡಿ ನಿಂತರು.

ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕೂತು ವಿಚಾರಣೆ ನಡೆಯಿತು. ಬರೆದುಕೊಂಡವನು ನಾನು. ಬೇಲಿ ರದ್ದು, ಕೀಲಿ ರದ್ದು. ಕಮಾನಿಗೆ ಕದ ಇರಕೂಡದು. ‘ಈಗಿನ ಬಳಕೆ’ಯಲ್ಲಿ ಮೊದಲು ಹಾಸು, ಆಮೇಲೆ ಆಟ. ಹೆಸರಿನ ಮಾತು ಬಂದಾಗ ಸಾಹೇಬರು ಸಾಹುಕಾರರನ್ನು ಒಮ್ಮೆ, ಆಯಿಯನ್ನು ಒಮ್ಮೆ ನೋಡಿದರು. ‘ಜನ ಈ ಅಜ್ಜಿಯ ಹೆಸರು ಹೇಳುತ್ತಾರೆ. ಕಮಾನಿನ ಮೇಲೆ ಅದೇ ಇರಬೇಕು, ಅಲ್ಲವೇ?’

ಸಾಹುಕಾರರು ತಲೆ ತಗ್ಗಿಸಿದರು.

‘ಬ್ಯಾಡ್ರಿ,’ ಎಂದಳು ಆಯಿ. ‘ನನ್ನ ಹೆಸರ ಕಲ್ಲಿನ ಮ್ಯಾಲ ಕೊರದ್ರ ಮಂದಿ ಓದತಾರ, ಕರಿಯೂದ ಬಿಡತಾರ. ಕಲ್ಲ ಕಟ್ಟಿಸಿದಾಂವನ ಹೆಸರ ಕಲ್ಲಿನ ಮ್ಯಾಲ ಇರಲಿ. ಪಾಪ, ಅಂವನ ಹೆಸರ ನೀರಾಗ ಹೋಗೂದು ನನಗ ಗೊತ್ತೈತಿ. ಆ ಸೀರಿ ನಾನೂ ಉಡತೇನಿ.’

ಸಾಹುಕಾರರು ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು, ನಶ್ಯ ಹಾಕುವವರಲ್ಲದಿದ್ದರೂ. ತಖ್ತೆಯಲ್ಲಿ ‘ಇಲ್ಲ’ ಎಂಬುದನ್ನು ಹೊಡೆದು ‘ಗಂಜಿ ಆಯಿ ಬಯಲು’ ಎಂದು ಬರೆದೆ. ಹೊಡೆದದ್ದಕ್ಕೆ ಸಾಹೇಬರು ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ನನಗೊಂದು ಮೆಮೋ: ‘ವರದಿಯಲ್ಲಿ ಅಲಕ್ಷ್ಯ. ಒಂದು ವರ್ಷ ಖಾಯಂ ಮಾಡಕೂಡದು.’ ಕೆಳಗೆ ಅವರ ಕೈಬರಹದಲ್ಲಿ ಮರಾಠಿಯಲ್ಲಿ ಇನ್ನೊಂದು ಸಾಲು: ಕೆಮ್ಮಿಗೆ ಔಷಧ ತೆಗೆದುಕೊಳ್ಳುವುದು. ಹಿರಿಯ ಕಾರಕೂನರು ಅದನ್ನು ಓದಿ ಅರ್ಧ ಗಂಟೆ ಸೀನಿದರು.

ಕಮಾನಿನ ಉದ್ಘಾಟನೆ ಲಗ್ನಸರಾಯಿಯಲ್ಲಿ ಬಂತು. ಮುಧೋಳದ ಹುತುತು ತಂಡ ಬಂದಿತ್ತು. ತಗಡಿನ ಕಹಳೆ ಹಿಡಿದು ಕೂಗುವ ಕೆಲಸ ನನ್ನದು. ಪೇಢಿಯ ಹೆಸರನ್ನೂ ‘ಕ್ರೀಡಾಂಗಣ’ವನ್ನೂ ಸೇರಿಸಿ ಏಳು ಸಲ ಕೂಗಿದೆ, ಏಳೂ ಸಲ ಸಾಹುಕಾರರು ಕಮಾನಿನ ಕಡೆ ನೋಡಿದರು. ಕಲ್ಲಿನಲ್ಲಿ ಅಕ್ಷರಗಳು ಛಲೋ ಕೂತಿದ್ದವು. ಹಾರ, ಭಾಷಣ, ಕೆಮ್ಮು ಎಲ್ಲ ಆಯಿತು. ಬಯಲಲ್ಲಿ ಒಂದೇ ಒಂದು ಹಾಸು ಉಳಿದಿತ್ತು, ಮದುವೆಯ ಅವಸರದ್ದು, ಸಾಹುಕಾರರ ಪೇಢಿಯದೇ. ಮೋಡ ಕವಿದು ಆರುವುದು ತಡವಾಗಿತ್ತು.

‘ಹಂಗಾದ್ರ, ಸೀಟಿ ಊದಿಸು,’ ಎಂದರು ಅಧ್ಯಕ್ಷರು ನನಗೆ.

ಪಂಚರು ಸೀಟಿ ಊದಿದರು. ನಮ್ಮ ಹುಡುಗರು ಯಾರೂ ಕದಲಲಿಲ್ಲ. ಮತ್ತೊಮ್ಮೆ ಊದಿದರು. ಮುಧೋಳದವರು ಇದೇನು ಎಂದು ಮುಖ ಮುಖ ನೋಡಿಕೊಂಡರು. ಆಯಿ ಹಾಸಿನ ಬಳಿ ಸುಮ್ಮನೆ ನಿಂತಿದ್ದಳು. ಅಷ್ಟು ಮಂದಿ ದೊಡ್ಡವರ ಎದುರಿಗೆ ಬಾಗಲು ಅವಳಿಗೆ ಸಂಕೋಚವಾಗಿತ್ತೇನೋ.

ಆಗ ವೇದಿಕೆಯಿಂದ ಸಾಹುಕಾರರು ಇಳಿದರು. ಕೊರಳಲ್ಲಿ ಹಾರ. ನೇರ ಹಾಸಿನ ಬಳಿ ಹೋಗಿ, ಹಾರವನ್ನು ಹಿಂದಕ್ಕೆ ಸರಿಸಿ, ಸೊಂಟ ಹಿಡಿದುಕೊಂಡು ಬಾಗಿ, ಎಳೆಗಳಿಗೆ ಗಲ್ಲ ಹಚ್ಚಿದರು. ಕಣ್ಣು ಮುಚ್ಚಿದರು.

‘ಇನ್ನೂ ಹಸಿ ಐತಿ. ತಡೀರಿ,’ ಎಂದರು.

‘ಗಲ್ಲ ಮರತಿಲ್ಲ ನೀ,’ ಎಂದಳು ಆಯಿ.

ಕಾದೆವು. ಅಧ್ಯಕ್ಷರು ಕಾದರು, ಮುಧೋಳದವರು ಕಾದರು. ಮೋಡ ಸರಿದು ಒಂದಿಷ್ಟು ಇಳಿಬಿಸಿಲು ಬಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಆಯಿ ಬಾಗಿ ನೋಡಿ, ‘ಎತ್ರಿ,’ ಎಂದಳು. ಎತ್ತಿದರು. ಹಾಸು ಸುರುಳಿಯಾಗುತ್ತ ಬಯಲು ಬಿಟ್ಟುಕೊಟ್ಟಿತು. ಹುಡುಗರು ಗೆರೆಗೆ ಓಡಿದರು.

ಮರುದಿನ ಮುಂಜಾನೆ ಪೇಢಿಯ ಮುಂದೆ ಹಾದು ಹೋಗುತ್ತಿದ್ದೆ. ಗಾಡಿಯವನು ಹೊಸ ಹಾಸುಗಳನ್ನು ಹೇರಿಕೊಂಡು, ‘ಎಲ್ಲಿಗೆ ಒಯ್ಯೂನ್ರಿ?’ ಎಂದು ಕೇಳಿದ. ಸಾಹುಕಾರರು ಹಲ್ಲು ಉಜ್ಜುತ್ತ, ಬಾಯಿ ತುಂಬ ಬೇವಿನ ಕಡ್ಡಿ ಇಟ್ಟುಕೊಂಡೇ, ‘ಇನ್ನೆಲ್ಲಿಗಲೇ, ಗಂಜಿ ಆಯಿ ಬಯಲಿಗೆ,’ ಎಂದರು.

ಅಂದದ್ದು ಅವರಿಗೆ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಹಿರಿಯ ಕಾರಕೂನರು, ಇವತ್ತು ಹೊಸದೇನು ಎಂದು ಕೇಳಿದರು. ಏನಿಲ್ಲರಿ ಎಂದೆ. ಸಾಹುಕಾರರ ನಗು, ನಡಿಗೆ, ಸಿಟ್ಟು ಎಲ್ಲ ನನ್ನ ಗಂಟಲಲ್ಲಿವೆ. ಆ ಒಂದು ಮಾತನ್ನು ಮಾತ್ರ ನಾನು ಇವತ್ತಿನವರೆಗೂ ಅಣಕಿಸಿಲ್ಲ.